ಜಿಯೋಲೈಟ್ ಬಿಲ್ಲೆಯ ಸ್ಪೆಕ್ಟ್ರಮ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು?

ಜಿಯೋಲೈಟ್ ಅಂದರೆ ಅಣುಗಾತ್ರದ ರಂಧ್ರಗಳಿರುವ ಸಿಲಿಕಾನ್-ಅಲ್ಯೂಮಿನಿಯಂ ಆಕ್ಸೈಡ್ ಹರಳು. ಅದರ ಆಮ್ಲದ ಸೈಟ್‌ಗಳನ್ನು, ಅಂದರೆ ಜಾಗಗಳನ್ನು, ಎಣಿಸಲು ಪಿರಿಡಿನ್ ಅನ್ನುವ ಕ್ಷಾರದ ಆವಿ ಬಿಟ್ಟು ಇನ್‌ಫ್ರಾರೆಡ್ ಸ್ಪೆಕ್ಟ್ರಮ್ ತೆಗೆಯುತ್ತೇವೆ. ಪಿರಿಡಿನ್ ಬಿಟ್ಟಾಯಿತು, ಪಂಪ್ ಹಾಕಿ ಎಳೆದಾಯಿತು, ಸ್ಪೆಕ್ಟ್ರಮ್ ತೆಗೆದಾಯಿತು. 1545ರಲ್ಲಿ ಇರಬೇಕಾದ ಪೀಕ್ ಮಾತ್ರ ನಾಪತ್ತೆ. ಅಥವಾ ಇದೆ, ಆದರೆ ಹೋದ ವಾರ ಬಂದಿದ್ದರ ಅರ್ಧದಷ್ಟೇ. ಮಾದರಿ ಅದೇ, ಸೆಲ್ ಅದೇ, ಅಳೆದ ಕೈಯೂ ಅದೇ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಪಿರಿಡಿನ್ ಬಾಟಲಿಯ ಮೇಲೆ ಅನುಮಾನ ಪಡುತ್ತಾರೆ. ನಾನು ನೋಡಿದ ಮಟ್ಟಿಗೆ ತಪ್ಪು ಅದಕ್ಕೂ ಮೊದಲೇ ಆಗಿರುತ್ತದೆ. ಬಹಳಷ್ಟು ಸಲ ಕಾರಣ ನೀರು. ಹಾಗಾಗಿ ಹುಡುಕಾಟ ಯಾವಾಗಲೂ ಪಿರಿಡಿನ್ ಬಿಡುವ ಮೊದಲಿನ ಸ್ಪೆಕ್ಟ್ರಮ್‌ನಿಂದ ಶುರುವಾಗಬೇಕು.

ಇಲ್ಲಿ ಬರುವ ಪೀಕ್‌ಗಳ ಅಂಕಿಗಳೆಲ್ಲ ತರಂಗ ಸಂಖ್ಯೆ, ಅಂದರೆ ಸೆಂ.ಮೀ.⁻¹ ಲೆಕ್ಕದವು. ಅಳತೆ ಅಂದರೆ ಟ್ರಾನ್ಸ್‌ಮಿಷನ್ ವಿಧಾನ: ಪುಡಿಯನ್ನು ಏನೂ ಬೆರೆಸದೆ ತೆಳು ಬಿಲ್ಲೆಯಾಗಿ ಒತ್ತಿ, ವ್ಯಾಕ್ಯೂಮ್ ಸೆಲ್‌ನಲ್ಲಿ ನಿಲ್ಲಿಸಿ, ಬೆಳಕನ್ನು ಅದರ ಮೂಲಕ ಹಾಯಿಸುವುದು.

ಮೊದಲು ಬರೀ ಬಿಲ್ಲೆಯ ಸ್ಪೆಕ್ಟ್ರಮ್ ಎದುರಿಗಿಡಿ

ಸರಿಯಾಗಿ ಒಣಗಿದ ಆಮ್ಲರೂಪದ ಝಡ್‌ಎಸ್‌ಎಂ-5 ಅನ್ನುವ ಜಿಯೋಲೈಟ್ ಹೇಗೆ ಕಾಣುತ್ತದೆ ಅನ್ನುವುದು ಕಣ್ಣಿಗೆ ಕಟ್ಟಿರಬೇಕು. 3745ರಲ್ಲಿ ಸೂಜಿಯಂಥ ಪೀಕ್ ಒಂದು, ಅದು ಹರಳಿನ ಹೊರಮೈಯಲ್ಲಿರುವ ಸಿಲನಾಲ್, ಅಂದರೆ ಸಿಲಿಕಾನ್‌ಗೆ ಅಂಟಿದ ಓಎಚ್. 3610ರಲ್ಲಿ ಇನ್ನೊಂದು, ಸ್ವಲ್ಪ ಅಗಲ. ಸಿಲಿಕಾನ್ ಮತ್ತು ಅಲ್ಯೂಮಿನಿಯಂ ನಡುವೆ ಸೇತುವೆಯಾಗಿ ಕೂತ ಓಎಚ್ ಗುಂಪು ಅದು. ನಾವು ಹುಡುಕುವ ಬ್ರಾನ್‌ಸ್ಟೆಡ್ ಆಸಿಡ್ ಸೈಟ್ ಅದೇ. 1880 ಮತ್ತು 2000ದ ಸುತ್ತ ಎರಡು ಅಗಲವಾದ ಗುಡ್ಡ, 1640ರ ಹತ್ತಿರ ಇನ್ನೊಂದು. ಈ ಮೂರೂ ಜಿಯೋಲೈಟ್‌ನ ಚೌಕಟ್ಟಿನವೇ, ದೋಷವಲ್ಲ. 1250ರ ಕೆಳಗೆ ಬಿಲ್ಲೆ ಬೆಳಕನ್ನು ಪೂರ್ತಿ ನುಂಗಿಬಿಡುತ್ತದೆ, ಅಲ್ಲಿ ಓದಲು ಏನೂ ಇರುವುದಿಲ್ಲ.

ವೈ ಜಿಯೋಲೈಟ್ ಆದರೆ 3610ರ ಬದಲು ಎರಡು ಪೀಕ್: ದೊಡ್ಡ ಪಂಜರದ್ದು 3640ರಲ್ಲಿ, ಚಿಕ್ಕ ಪಂಜರದ್ದು 3550ರಲ್ಲಿ.

ಪಿರಿಡಿನ್ ಬಂದ ಮೇಲೆ ಬ್ರಾನ್‌ಸ್ಟೆಡ್ ಸೈಟ್ ತನ್ನ ಪ್ರೋಟಾನನ್ನು ಅದಕ್ಕೆ ಕೊಡುತ್ತದೆ. ಆಗ 3610 ಮಾಯವಾಗಿ 1545 ಏಳುತ್ತದೆ. ಪ್ರೋಟಾನ್ ಕೊಡದೆ ಎಲೆಕ್ಟ್ರಾನ್ ಜೋಡಿ ಪಡೆಯುವ ಲೂಯಿಸ್ ಸೈಟ್‌ಗೆ ಅಂಟಿದ ಪಿರಿಡಿನ್ 1455ರಲ್ಲಿ ಕಾಣುತ್ತದೆ. 1490ರಲ್ಲಿ ಎರಡೂ ಸೇರಿ ಬರುತ್ತವೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಪಿರಿಡಿನ್‌ನಿಂದ ಈ ಎರಡು ಬಗೆಯನ್ನು ಬೇರ್ಪಡಿಸಬಹುದು ಅಂತ ಸಂಶೋಧಕ ಪ್ಯಾರಿ 1963ರಲ್ಲೇ ತೋರಿಸಿದ್ದರು. ಇವತ್ತಿಗೂ ಕೆಲಸ ನಡೆಯುವುದು ಅದೇ ದಾರಿಯಲ್ಲಿ.

ಕೈ ಹಾಕುವ ಮೊದಲು ಜೋಪಾನ

ಪಿರಿಡಿನ್ ವಿಷ, ಜೊತೆಗೆ ಬೇಗ ಹೊತ್ತಿಕೊಳ್ಳುವ ದ್ರವ. ಅದರ ಆವಿಗೆ ಕೋಣೆಯ ಬಿಸಿಯಲ್ಲೇ ಬೆಂಕಿ ತಗುಲಬಹುದು. ತುಂಬುವುದು, ಸುರಿಯುವುದು ಎಲ್ಲ ಫ್ಯೂಮ್ ಹುಡ್ ಒಳಗೇ ಆಗಲಿ. ಪಂಪ್‌ನ ಹೊಗೆ ಕೊಳವೆಯೂ ಹುಡ್‌ಗೇ ಹೋಗಲಿ. ವಾಸನೆ ಮೂಗಿಗೆ ಬಡಿಯಿತು ಅಂದರೆ ಎಲ್ಲೋ ಸೋರುತ್ತಿದೆ. "ಸ್ವಲ್ಪವೇ ಅಲ್ವಾ" ಅಂತ ಮುಂದುವರಿಯಬೇಡಿ.

ಆವಿಗಳನ್ನು ತಣಿಸಿ ಹಿಡಿಯುವ ದ್ರವ ಸಾರಜನಕದ ಟ್ರ್ಯಾಪ್ ಹಾಕಿದ್ದರೆ ಇನ್ನೊಂದು ಅಪಾಯವಿದೆ. ಟ್ರ್ಯಾಪ್ ತಣ್ಣಗಿರುವಾಗ ಲೈನಿಗೆ ಹೊರಗಿನ ಗಾಳಿ ನುಗ್ಗಿದರೆ, ಅದರಲ್ಲಿನ ಆಮ್ಲಜನಕ ಅಲ್ಲಿ ದ್ರವವಾಗಿ ಇಳಿಯುತ್ತದೆ. ಆ ದ್ರವ ಪಿರಿಡಿನ್ ಅಥವಾ ಎಣ್ಣೆಯ ಜೊತೆ ಸೇರಿದರೆ ಸ್ಫೋಟವಾಗಬಹುದು. ಟ್ರ್ಯಾಪ್‌ನಲ್ಲಿ ತಿಳಿನೀಲಿ ದ್ರವ ಕಂಡರೆ ಸಾರಜನಕದ ಡಬ್ಬ ಇಳಿಸಬೇಡಿ, ವಾಲ್ವ್ ಮುಚ್ಚಬೇಡಿ. ಎಲ್ಲರನ್ನೂ ದೂರ ಕಳಿಸಿ, ನೀವೂ ದೂರ ಹೋಗಿ, ಸುರಕ್ಷತೆ ನೋಡಿಕೊಳ್ಳುವವರನ್ನು ಕರೆಯಿರಿ.

ಗಾಜಿನ ವ್ಯಾಕ್ಯೂಮ್ ಲೈನ್ ಮುಂದೆ ಕನ್ನಡಕ ಕಡ್ಡಾಯ. ಪಿರಿಡಿನ್ ಬದಲು ಕಾರ್ಬನ್ ಮಾನಾಕ್ಸೈಡ್ ಬಳಸುವವರು ಅದರ ಅಲಾರಂ ಇಲ್ಲದೆ ಸಿಲಿಂಡರ್ ತೆರೆಯಲೇಬಾರದು, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಿಸಿ ಸೆಲ್ ಅನ್ನು ಗಾಳಿಗೆ ತೆರೆಯಬೇಡಿ. ಕ್ಯಾಲ್ಸಿಯಂ ಫ್ಲೋರೈಡ್ ಕಿಟಕಿ ಬಿಸಿಯ ಏರುಪೇರು ತಡೆಯದೆ ಬಿರುಕು ಬಿಡುತ್ತದೆ.

ಲಕ್ಷಣ: ಪೀಕ್ ಮೇಲೆಲ್ಲ ಚೂಪು ಚೂಪು ಗೆರೆಗಳು

ಎಲ್ಲಕ್ಕಿಂತ ಸುಲಭದ ದೋಷ ಇದು, ಮೊದಲು ಇದನ್ನೇ ಕಳೆಯಿರಿ. 1400ರಿಂದ 1900ರವರೆಗೆ ಮತ್ತು 3500ರಿಂದ 3900ರವರೆಗೆ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಂಡರೆ ಅದು ನೀರಾವಿ. ಸೆಲ್ ಒಳಗಿನದಲ್ಲ, ಉಪಕರಣದೊಳಗಿನ ಗಾಳಿಯಲ್ಲಿರುವ ಆವಿ. ನಮಗೆ ತೊಂದರೆ ಏನೆಂದರೆ, ಈ ಗೆರೆಗಳಲ್ಲಿ ಒಂದು 1540ರಲ್ಲಿ, ಇನ್ನೊಂದು 1559ರಲ್ಲಿ ಬೀಳುತ್ತದೆ. ಅಂದರೆ 1545ರ ಪೀಕ್‌ನ ಮೈಮೇಲೇ. ಆಮ್ಲ ಕಡಿಮೆ ಇರುವ ಮಾದರಿಯಲ್ಲಿ ನೀರಾವಿಯ ಗೆರೆಯನ್ನೇ ಬ್ರಾನ್‌ಸ್ಟೆಡ್ ಪೀಕ್ ಅಂತ ಬರೆದುಕೊಳ್ಳುವುದು ಸುಲಭ.

ಪರೀಕ್ಷೆಗೆ ಖರ್ಚಿಲ್ಲ. ಬಿಲ್ಲೆಯನ್ನು ಬೆಳಕಿನ ದಾರಿಯಿಂದ ಮೇಲೆತ್ತಿ, ಖಾಲಿ ಸೆಲ್‌ನ ಎರಡು ಸ್ಪೆಕ್ಟ್ರಮ್‌ಗಳನ್ನು 10 ನಿಮಿಷದ ಅಂತರದಲ್ಲಿ ತೆಗೆದು ಒಂದರಿಂದ ಒಂದನ್ನು ಭಾಗಿಸಿ. ನೇರ ಗೆರೆ ಬಂದರೆ ಉಪಕರಣ ಚೆನ್ನಾಗಿದೆ. ಹಲ್ಲು ಕಂಡರೆ ಪರ್ಜ್, ಅಂದರೆ ಒಣಗಾಳಿ ಹರಿಸಿ ತೇವ ಓಡಿಸುವುದು, ಸಾಲುತ್ತಿಲ್ಲ. ಒಣಗಾಳಿಯ ಹರಿವು, ಮುಚ್ಚಳದ ರಬ್ಬರ್, ತೇವ ಹೀರುವ ಪುಡಿಯ ಬಣ್ಣ ನೋಡಿ. ಮುಚ್ಚಳ ತೆರೆದ ತಕ್ಷಣ ಅಳೆಯುವ ಅಭ್ಯಾಸ ಇದ್ದರೆ ಬಿಡಿ, ಕಾಯಿರಿ. 2349ರ ಸುತ್ತ ಕಾಣುವ ಕಾರ್ಬನ್ ಡೈಆಕ್ಸೈಡ್ ಜೋಡಿಗುಡ್ಡ ನಮ್ಮ ಪೀಕ್‌ಗಳಿಗೆ ಅಡ್ಡ ಬರುವುದಿಲ್ಲ. ಆದರೆ ಅದು ಎಷ್ಟು ಇಳಿದಿದೆ ಅನ್ನುವುದು ಪರ್ಜ್ ಹೇಗೆ ನಡೆಯುತ್ತಿದೆ ಅಂತ ಹೇಳುತ್ತದೆ.

ಖಾಲಿ ಸೆಲ್‌ನಲ್ಲೂ 3200ರ ಸುತ್ತ ಅಗಲವಾದ ಕುಳಿ ಕಂಡರೆ ಅದು ಬೇರೆ ಕಥೆ. ದ್ರವ ಸಾರಜನಕದಲ್ಲಿ ತಣಿಸುವ ಎಂಸಿಟಿ (ಮರ್ಕ್ಯುರಿ ಕ್ಯಾಡ್ಮಿಯಂ ಟೆಲ್ಲುರೈಡ್) ಡಿಟೆಕ್ಟರ್‌ನ ಒಳಗೆ ಮಂಜುಗಡ್ಡೆಯ ಪದರ ಕೂತಿದೆ. ಅದರ ವ್ಯಾಕ್ಯೂಮ್ ಹಳತಾಗಿದೆ ಅಂತ ಅರ್ಥ. ಇದು ನಾವು ಬಿಚ್ಚಿ ಸರಿಮಾಡುವ ಕೆಲಸವಲ್ಲ.

ಲಕ್ಷಣ: ಬೇಸ್‌ಲೈನ್ ಇಳಿಜಾರು, ಬೆಳಕು ಸಾಲದು, ಪೀಕ್‌ನ ತಲೆ ಚಪ್ಪಟೆ

ಬಿಲ್ಲೆಯನ್ನು ಕೈಯಲ್ಲಿ ಹಿಡಿದು ದೀಪಕ್ಕೆ ಅಡ್ಡ ಇಟ್ಟು ನೋಡಿ. ಎಲ್ಲ ಕಡೆ ಒಂದೇ ಮಸುಕಾಗಿರಬೇಕು. ಒಂದು ಬದಿ ಬಿಳಿ, ಇನ್ನೊಂದು ಬದಿ ತಿಳಿ ಅಂದರೆ ಪುಡಿ ಸಮವಾಗಿ ಹರಡಿಲ್ಲ. ಚುಕ್ಕಿಯಷ್ಟು ಬೆಳಕು ನೇರ ತೂರಿ ಬಂದರೂ ಆ ಬಿಲ್ಲೆ ಬೇಡ.

ಚದರ ಸೆಂಟಿಮೀಟರ್‌ಗೆ 10 ಮಿ.ಗ್ರಾಂ ಆಸುಪಾಸು ಇದ್ದರೆ ಸಾಕು. 16 ಮಿ.ಮೀ. ಅಡ್ಡಗಲದ ಬಿಲ್ಲೆಗೆ ಸುಮಾರು 20 ಮಿ.ಗ್ರಾಂ ಆಯಿತು. ಇದಕ್ಕಿಂತ ದಪ್ಪವಾದರೆ 3745, 3610ರ ತಲೆ ಕತ್ತರಿಸಿದ ಹಾಗೆ ಆಗುತ್ತದೆ. ಅಬ್ಸಾರ್ಬನ್ಸ್ (ಬಿಲ್ಲೆ ಎಷ್ಟು ಬೆಳಕು ನುಂಗಿತು ಅನ್ನುವ ಅಳತೆ) 1.5 ದಾಟಿದ ಪೀಕ್‌ನ ವಿಸ್ತೀರ್ಣವನ್ನು ನಾನು ನಂಬುವುದಿಲ್ಲ.

ಹೆಚ್ಚು ತರಂಗ ಸಂಖ್ಯೆಯ ಕಡೆಗೆ ಹೋದ ಹಾಗೆ ಬೇಸ್‌ಲೈನ್ (ಪೀಕ್‌ಗಳ ಅಡಿಯ ಗೆರೆ) ಏರುತ್ತಾ ಹೋದರೆ ಬೆಳಕು ಚದುರುತ್ತಿದೆ. ಹರಳುಗಳು ಒಂದೆರಡು ಮೈಕ್ರಾನ್‌ಗಿಂತ ದೊಡ್ಡವಿದ್ದಾಗ ಇದು ಮಾಮೂಲು. ಅಗೇಟ್ ಖಲ್‌ನಲ್ಲಿ ಮೆಲ್ಲಗೆ ಅರೆದರೆ ಉಂಡೆಗಳು ಒಡೆಯುತ್ತವೆ. ಬಾಲ್ ಮಿಲ್‌ನಲ್ಲಿ ಗಂಟೆಗಟ್ಟಲೆ ಅರೆಯಲು ಹೋಗಬೇಡಿ, ಹರಳಿನ ರಚನೆಯೇ ಹಾಳಾಗುತ್ತದೆ. ಒತ್ತಡವೂ ಹಾಗೆಯೇ. ಬಿಲ್ಲೆ ಮುರಿಯದೆ ನಿಲ್ಲುವಷ್ಟು ಸಾಕು, ಒಂದೆರಡು ಟನ್ ಮೀರಬೇಡಿ. ಗಾಜಿನ ಹಾಗೆ ಹೊಳೆಯುವ ಬಿಲ್ಲೆ ನೋಡಲು ಚೆಂದ, ಆದರೆ ಅದರೊಳಗೆ ಪಿರಿಡಿನ್ ನುಸುಳಲು ತಡವಾಗುತ್ತದೆ.

ಇಲ್ಲಿ ಒಂದು ಪರೀಕ್ಷೆ ತುಂಬ ಉಪಯೋಗಕ್ಕೆ ಬರುತ್ತದೆ. ಅಬ್ಸಾರ್ಬನ್ಸ್ ಬಿಟ್ಟು ಬಿಲ್ಲೆಯ ಕಚ್ಚಾ ಸಿಂಗಲ್-ಬೀಮ್ (ಖಾಲಿ ಸೆಲ್‌ನದರಿಂದ ಭಾಗಿಸದ) ಸ್ಪೆಕ್ಟ್ರಮ್ ತೆರೆಯಿರಿ. 1100ರ ಹತ್ತಿರ ಹೋಗಿ. ಅಲ್ಲಿ ಜಿಯೋಲೈಟ್ ಎಲ್ಲವನ್ನೂ ನುಂಗುವ ಕಾರಣ ಗೆರೆ ಸೊನ್ನೆಗೆ ಅಂಟಿರಬೇಕು. ಸೊನ್ನೆಯಿಂದ ಮೇಲೆ ತೇಲುತ್ತಿದ್ದರೆ ಎರಡರಲ್ಲೊಂದು: ಬಿಲ್ಲೆಯ ಬಿರುಕಿನಿಂದಲೋ ಅಂಚಿನಿಂದಲೋ ಬೆಳಕು ಕದ್ದು ಹೋಗುತ್ತಿದೆ, ಇಲ್ಲವೇ ಎಂಸಿಟಿ ಡಿಟೆಕ್ಟರ್ ಮೇಲೆ ಬೆಳಕು ಜಾಸ್ತಿ ಬಿದ್ದು ಅದು ತಪ್ಪು ಓದುತ್ತಿದೆ. ಯಾವುದು ಅಂತ ತಿಳಿಯಲು ಬಿಲ್ಲೆ ಎತ್ತಿ ಖಾಲಿ ಸೆಲ್ ಅಳೆಯಿರಿ. ಕಿಟಕಿಯೇ ಬೆಳಕು ಬಿಡದ ಜಾಗದಲ್ಲೂ, ಅಂದರೆ ಕ್ಯಾಲ್ಸಿಯಂ ಫ್ಲೋರೈಡ್ ಆದರೆ 900ರ ಕೆಳಗೂ, ಗೆರೆ ಸೊನ್ನೆಗೆ ಇಳಿಯದಿದ್ದರೆ ತಪ್ಪು ಡಿಟೆಕ್ಟರ್‌ನದು. ಅಪರ್ಚರ್, ಅಂದರೆ ಬೆಳಕು ಬರುವ ತೂತು, ಕಿರಿದು ಮಾಡಿ. ಅಲ್ಲಿ ಸೊನ್ನೆ ಸರಿಯಾಗಿದ್ದರೆ ತಪ್ಪು ಬಿಲ್ಲೆಯದು.

ಲಕ್ಷಣ: 3610 ಕಾಣುತ್ತಿಲ್ಲ

ಇದರ ಹಿಂದೆ ನಾಲ್ಕೈದು ಕಾರಣ ಇರಬಹುದು. ಒಂದೊಂದಕ್ಕೂ ಅದರದೇ ಗುರುತಿದೆ.

*ಬಿಲ್ಲೆ ಒಣಗಿಲ್ಲ.* 3000ದಿಂದ 3600ರವರೆಗೆ ಎಲ್ಲ ಉಬ್ಬಿ ನಿಂತಿದೆ, 3610 ಆ ಉಬ್ಬಿನಲ್ಲಿ ಮುಳುಗಿದೆ. ಜೊತೆಗೆ 2900, 2450, 1700ರ ಸುತ್ತ ಮೂರು ಅಗಲವಾದ ಉಬ್ಬು ಕಂಡರೆ ಅನುಮಾನವೇ ಬೇಡ. ಅದು ಆಸಿಡ್ ಸೈಟ್‌ಗೆ ಬಿಗಿಯಾಗಿ ಹಿಡಿದುಕೊಂಡ ನೀರು. 1630ರ ಹತ್ತಿರ ನೀರಿನ ಸ್ವಂತ ಪೀಕ್ ಇದೆ, ಆದರೆ ಮೊದಲೇ ಹೇಳಿದ ಹಾಗೆ ಚೌಕಟ್ಟಿನ 1640 ಕೂಡ ಅಲ್ಲೇ ಕೂತಿದೆ. ಹೊಸಬರು ಇಲ್ಲಿ ಎರಡೂ ರೀತಿ ತಪ್ಪುತ್ತಾರೆ. ಕೆಲವರು ಒಣಗಿದ ಬಿಲ್ಲೆಯನ್ನು ಒದ್ದೆ ಅಂತ ಮತ್ತೆ ಮತ್ತೆ ಕಾಯಿಸುತ್ತಾರೆ. ಕೆಲವರು ಒದ್ದೆ ಬಿಲ್ಲೆಯನ್ನು ಒಣಗಿದೆ ಅಂತ ಮುಂದಕ್ಕೆ ಒಯ್ಯುತ್ತಾರೆ. 1640 ಒಂದನ್ನೇ ನೋಡದೆ ಅದನ್ನು 1880ರ ಜೊತೆ ಹೋಲಿಸಿ. ಕಾಯಿಸುತ್ತಾ ಹೋದ ಹಾಗೆ 1640 ಮಾತ್ರ ತಗ್ಗುತ್ತಿದ್ದರೆ ನೀರು ಇನ್ನೂ ಹೋಗುತ್ತಿದೆ. ಎರಡೂ ಕದಲದೆ ನಿಂತರೆ ಒಣಗಿತು.

ಪರಿಹಾರ ತಾಳ್ಮೆ. 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ನಿಲ್ಲಿಸಿ. ಆಮೇಲೆ ನಿಮಿಷಕ್ಕೆ ಒಂದೆರಡು ಡಿಗ್ರಿಯಂತೆ 450ಕ್ಕೆ ಏರಿಸಿ, ವ್ಯಾಕ್ಯೂಮ್ 10⁻⁵ ಮಿಲಿಬಾರ್‌ಗೆ ಇಳಿದ ಮೇಲೂ ಕೆಲವು ಗಂಟೆ ಬಿಡಿ. ಬಿಸಿ ಅಳೆಯುವ ಥರ್ಮೋಕಪಲ್ ಬಿಲ್ಲೆಯ ಹತ್ತಿರವಿದೆಯೋ ಕುಲುಮೆಯ ಗೋಡೆಯ ಹತ್ತಿರವೋ ನೋಡಿಕೊಳ್ಳಿ. ಪರದೆ 450 ಅಂದರೂ ಬಿಲ್ಲೆ ಅಷ್ಟು ಕಾದಿರದೆ ಇರಬಹುದು.

*ಒಣಗಿತ್ತು, ಮತ್ತೆ ಒದ್ದೆಯಾಗಿದೆ.* ಎಲ್ಲೋ ಸೋರಿಕೆ. ಪಂಪ್ ಕಡೆಯ ವಾಲ್ವ್ ಮುಚ್ಚಿ ಗೇಜ್ ನೋಡಿ. ಒತ್ತಡ ಮೊದಲು ಏರಿ ಆಮೇಲೆ ನಿಧಾನವಾದರೆ, ಗೋಡೆಗಳಿಂದ ಬಿಡುಗಡೆಯಾಗುವ ಅನಿಲ. ಏಣಿ ಇಟ್ಟ ಹಾಗೆ ಒಂದೇ ವೇಗದಲ್ಲಿ ಏರುತ್ತಲೇ ಹೋದರೆ ಸೋರಿಕೆ. ಗೇಜ್‌ಗಿಂತ ಚುರುಕಾದ ಸಾಕ್ಷಿ ಬಿಲ್ಲೆಯೇ. ನಾನು ಒಮ್ಮೆ ಒಂದು ಸೆಲ್‌ನ ಸೋರಿಕೆಯನ್ನು ಹೀಗೇ ಹಿಡಿದಿದ್ದೆ. ಗೇಜ್ ಎಲ್ಲ ಸರಿ ಅನ್ನುತ್ತಿತ್ತು. ಕಾಯಿಸಿದ ಬಿಲ್ಲೆಯನ್ನು ಕೋಣೆಯ ಬಿಸಿಗೆ ಇಳಿಸಿ, ವಾಲ್ವ್ ಮುಚ್ಚಿ, ಐದು ನಿಮಿಷಕ್ಕೊಂದು ಸ್ಪೆಕ್ಟ್ರಮ್ ತೆಗೆಯುತ್ತಾ ಕೂತೆ. ಅರ್ಧ ಗಂಟೆಯಲ್ಲಿ 3610 ಕಣ್ಣೆದುರೇ ಕುಗ್ಗಿ, 2900 ಮತ್ತು 2450ರಲ್ಲಿ ಉಬ್ಬು ಎದ್ದವು. 3745 ಮಾತ್ರ ಹಾಗೇ ಇತ್ತು. ನೀರು ಮೊದಲು ಹಿಡಿಯುವುದು ಆಸಿಡ್ ಸೈಟ್‌ಗಳನ್ನೇ, ಸಿಲನಾಲ್‌ಗಳನ್ನಲ್ಲ. ಕೊನೆಗೆ ಸಿಕ್ಕಿದ್ದು ಕಿಟಕಿಯ ಓ-ರಿಂಗ್ ಮೇಲೆ ಕೂತಿದ್ದ ಜಿಯೋಲೈಟ್ ಪುಡಿಯ ಒಂದು ಕಣ. ಒರೆಸಿ ಹಾಕಿದ ಮೇಲೆ ಸೋರಿಕೆ ನಿಂತಿತು.

*ಅಮೋನಿಯಂ ಇನ್ನೂ ಹೋಗಿಲ್ಲ.* ಅಮೋನಿಯಂ ರೂಪದ ಜಿಯೋಲೈಟ್‌ನಿಂದ ಶುರು ಮಾಡಿದ್ದರೆ 1430ರಿಂದ 1450ರ ನಡುವೆ ದೊಡ್ಡ ಪೀಕ್, 3300ರ ಕೆಳಗೆ ಉಬ್ಬು ಕಾಣುತ್ತದೆ. ಇನ್ನಷ್ಟು ಹೊತ್ತು 450ರಲ್ಲಿ ಬಿಟ್ಟರೆ ಹೋಗುತ್ತದೆ. ಹೋಗುವವರೆಗೆ ಪಿರಿಡಿನ್ ಮುಟ್ಟಬೇಡಿ.

*ಪೊಟ್ಯಾಸಿಯಂ ಬ್ರೋಮೈಡ್ ಬೆರೆಸಿದ್ದೀರಿ.* ಬೇರೆ ಪುಡಿಗಳಿಗೆ ಹಾಗೆ ಬೆರೆಸಿ ಅಳೆಯುವುದು ರೂಢಿ. ಜಿಯೋಲೈಟ್‌ಗೆ ಬೇಡವೇ ಬೇಡ. ಸ್ವಲ್ಪ ತೇವ ಇದ್ದರೂ ಪೊಟ್ಯಾಸಿಯಂ ಒಳಗೆ ಹೋಗಿ ಪ್ರೋಟಾನ್ ಹೊರಗೆ ಬರುತ್ತದೆ. ನೀವು ಅಳೆಯಬೇಕೆಂದಿದ್ದ ಸೈಟನ್ನು ಬಿಲ್ಲೆ ಮಾಡುವಾಗಲೇ ಕಳೆದುಕೊಂಡಿರಿ. ಪುಡಿಯಿಂದ ಚದುರಿ ಬಂದ ಬೆಳಕನ್ನು ಅಳೆಯುವ ಡಿಫ್ಯೂಸ್ ರಿಫ್ಲೆಕ್ಷನ್ ವಿಧಾನದಲ್ಲಿ ಏನಾದರೂ ಬೆರೆಸಿ ಪುಡಿಯನ್ನು ತೆಳು ಮಾಡಲೇಬೇಕಿದ್ದರೆ ವಜ್ರದ ಪುಡಿ ಬಳಸಿ.

*ಎಲ್ಲ ಒಣಗಿದೆ, 3745 ಚೂಪಾಗಿದೆ, ಆದರೂ 3610 ಇಲ್ಲ.* ಆಗ ಉಪಕರಣವನ್ನು ಬಿಟ್ಟು ಮಾದರಿಯ ಚೀಟಿ ಓದಿ. ಅದು ಸೋಡಿಯಂ ರೂಪದ್ದೇ ಇರಬಹುದು. ಸೋಡಿಯಂ ಇದ್ದಲ್ಲಿ ಪ್ರೋಟಾನ್ ಇರುವುದಿಲ್ಲ. ಅಮೋನಿಯಂ ನೈಟ್ರೇಟ್ ದ್ರಾವಣದಲ್ಲಿ ಎರಡು ಮೂರು ಸಲ ಅಯಾನ್ ಬದಲಾಯಿಸಿ, ಚೆನ್ನಾಗಿ ತೊಳೆದು, ನಿಧಾನ ಕಾಯಿಸಿ ಆಮ್ಲರೂಪಕ್ಕೆ ತನ್ನಿ. ಅಥವಾ ಮಾದರಿಯಲ್ಲಿ ಅಲ್ಯೂಮಿನಿಯಂ ತುಂಬ ಕಡಿಮೆ ಇರಬಹುದು. ಹಾಗಿದ್ದರೆ 3610 ಚಿಕ್ಕದಾಗಿ ಕಾಣುವುದೇ ಸರಿ, ದೋಷ ಇಲ್ಲ.

ಲಕ್ಷಣ: 3610 ಕುಗ್ಗಿದೆ, 3665ರಲ್ಲಿ ಹೊಸ ಪೀಕ್ ಎದ್ದಿದೆ

ಇದು ಕೆಟ್ಟ ಸುದ್ದಿ. ಚೌಕಟ್ಟಿನಲ್ಲಿದ್ದ ಅಲ್ಯೂಮಿನಿಯಂ ಹೊರಬಿದ್ದಿದೆ. ಅದಕ್ಕೆ ಅಂಟಿದ ಓಎಚ್ 3660ರಿಂದ 3670ರಲ್ಲಿ ಕಾಣುತ್ತದೆ. ಪಿರಿಡಿನ್ ಬಿಟ್ಟರೆ 1455 ದೊಡ್ಡದಾಗಿ, 1545 ಚಿಕ್ಕದಾಗಿ ಬರುತ್ತದೆ. ಬೀಟಾ ಜಿಯೋಲೈಟ್‌ನಲ್ಲಿ 3780ರ ಹತ್ತಿರವೂ ಒಂದು ಪುಟ್ಟ ಪೀಕ್ ಕಾಣಬಹುದು, ಅದೂ ಅಲ್ಯೂಮಿನಿಯಂನದೇ.

ಒದ್ದೆ ಪುಡಿಯನ್ನು ಅವಸರದಲ್ಲಿ ಕಾಯಿಸಿದಾಗ ಹೀಗಾಗುತ್ತದೆ. ತನ್ನದೇ ನೀರಿನ ಆವಿಯಲ್ಲಿ ಜಿಯೋಲೈಟ್ ಬೇಯುತ್ತದೆ. ಮೂಸೆಯಲ್ಲಿ ಪುಡಿಯನ್ನು ಗುಡ್ಡೆ ಹಾಕಿ ಕಾಯಿಸಿದರೂ ಅಷ್ಟೇ, ತಳದ ಆವಿ ಮೇಲೆ ಬರಲು ದಾರಿ ಸಿಗುವುದಿಲ್ಲ. ತಟ್ಟೆಯಲ್ಲಿ ತೆಳ್ಳಗೆ ಹರಡಿ, ಒಣಗಾಳಿ ಹರಿಸಿ, ನಿಧಾನವಾಗಿ ಏರಿಸಿ. ಹೆಚ್ಚು ಕಾಯಿಸುವುದೂ ತಪ್ಪೇ. 550 ಡಿಗ್ರಿ ದಾಟಿದರೆ ನೀರೇ ಇಲ್ಲದಿದ್ದರೂ ಓಎಚ್ ಗುಂಪುಗಳು ಜೋಡಿಯಾಗಿ ನೀರು ಬಿಟ್ಟು ಲೂಯಿಸ್ ಸೈಟ್ ಆಗಲು ಶುರುವಾಗುತ್ತವೆ. ಈ ಬಿಲ್ಲೆಯನ್ನು ಮೊದಲಿನ ಸ್ಥಿತಿಗೆ ತರುವ ದಾರಿ ಸೆಲ್ ಒಳಗೆ ಇಲ್ಲ. ಅದನ್ನು ತೆಗೆದಿಟ್ಟು ಮೂಲ ಡಬ್ಬದಿಂದ ಹೊಸ ಪುಡಿ ತೆಗೆದುಕೊಳ್ಳಿ. ಹೊಸದರಲ್ಲೂ 3665 ಬಂದರೆ ಮಾದರಿ ನಿಮ್ಮ ಕೈಗೆ ಬರುವ ಮೊದಲೇ ಹಾಳಾಗಿತ್ತು.

ಲಕ್ಷಣ: ಪಿರಿಡಿನ್ ಬಿಟ್ಟರೂ 3610 ಹಾಗೇ ನಿಂತಿದೆ

1545 ಚಿಕ್ಕದು, 3610 ಇನ್ನೂ ಉಳಿದಿದೆ. ಸೈಟ್ ಇದೆ, ಪಿರಿಡಿನ್ ಅಲ್ಲಿಗೆ ಮುಟ್ಟಿಲ್ಲ.

ಮೊದಲು ಪ್ರಮಾಣ ನೋಡಿ. ಕೋಣೆಯ ಬಿಸಿಯಲ್ಲಿ ಪಿರಿಡಿನ್ ಆವಿಯ ಒತ್ತಡ ಸುಮಾರು 20 ಟಾರ್. ವಾಲ್ವ್ ತೆರೆದಾಗ ಗೇಜ್ ಏರಲೇಬೇಕು. ಏರದಿದ್ದರೆ ವಾಲ್ವ್ ಕಟ್ಟಿಕೊಂಡಿದೆ. ಏರಿಯೂ ಪೀಕ್ ಬರದಿದ್ದರೆ ಬಂದದ್ದು ಪಿರಿಡಿನ್ ಅಲ್ಲ, ಬಾಟಲಿಯಲ್ಲಿ ಉಳಿದ ಗಾಳಿ. ಪಿರಿಡಿನ್ ಹೆಪ್ಪುಗಟ್ಟಿಸಿ, ಪಂಪ್ ಮಾಡಿ, ಕರಗಿಸಿ, ಇದನ್ನೇ ಮೂರು ಸಲ ಮಾಡಿ. ಪಿರಿಡಿನ್‌ನಲ್ಲೂ ನೀರು ಇರುತ್ತದೆ. ನೀರು ಹೀರುವ ಮಾಲಿಕ್ಯುಲರ್ ಸೀವ್ ಅನ್ನು ಒಣಗಿಸಿ ಹಾಕಿಟ್ಟು ಬಳಸಿ.

ಆಮೇಲೆ ಸಮಯ ಮತ್ತು ಬಿಸಿ. 150 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಪೀಕ್ ಇನ್ನೂ ಬೆಳೆಯುತ್ತಿದ್ದರೆ ಇನ್ನಷ್ಟು ಕಾಯಿರಿ.

ಇವೆಲ್ಲ ಸರಿ ಇದ್ದರೆ ಪ್ರಶ್ನೆ ರಂಧ್ರದ ಗಾತ್ರದ್ದು. ಝಡ್‌ಎಸ್‌ಎಂ-5ರ ಬಾಯಿ 5.5 ಆಂಗ್‌ಸ್ಟ್ರಾಮ್ ಆಸುಪಾಸು, ಪಿರಿಡಿನ್ ನುಸುಳುತ್ತದೆ. ಚಾಬಜೈಟ್ ಬಾಯಿ 3.8 ಮಾತ್ರ, ಎಷ್ಟು ಕಾದರೂ ಪಿರಿಡಿನ್ ಒಳಗೆ ಹೋಗುವುದಿಲ್ಲ. ಮಾರ್ಡನೈಟ್‌ನಲ್ಲಿ ದೊಡ್ಡ ಕಾಲುವೆಯ ಸೈಟ್‌ಗಳು ಸಿಗುತ್ತವೆ, ಪಕ್ಕದ ಜೇಬುಗಳದ್ದು ಸಿಗುವುದಿಲ್ಲ. ವೈಯಲ್ಲಿ 3640 ಪೂರ್ತಿ ಹೋದರೂ 3550ರ ಸ್ವಲ್ಪ ಭಾಗ ಉಳಿಯುತ್ತದೆ. ಇದನ್ನು ದೋಷ ಅನ್ನಬಾರದು, ಸೈಟ್ ಎಲ್ಲಿ ಕೂತಿದೆ ಅನ್ನುವ ಸುಳಿವು ಇದು. ಎಲ್ಲವನ್ನೂ ಎಣಿಸಬೇಕಿದ್ದರೆ ಚಿಕ್ಕ ಅಣು ಬಳಸಿ: ಅಮೋನಿಯಾ, ಅಥವಾ ದ್ರವ ಸಾರಜನಕದ ತಂಪಿನಲ್ಲಿ ಕಾರ್ಬನ್ ಮಾನಾಕ್ಸೈಡ್. ಕಾರ್ಬನ್ ಮಾನಾಕ್ಸೈಡ್ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಝಡ್‌ಎಸ್‌ಎಂ-5ರ 3610 ಅದು ತಗುಲಿದಾಗ 300ಕ್ಕೂ ಜಾಸ್ತಿ ಕೆಳಗೆ ಸರಿಯುತ್ತದೆ, ಸಿಲನಾಲ್ 90ರಷ್ಟು ಮಾತ್ರ. ಜಾಸ್ತಿ ಸರಿದಷ್ಟೂ ಆಮ್ಲ ಗಟ್ಟಿ. 1545ರ ಜಾಗ ನೋಡಿ ಗಟ್ಟಿತನ ಹೇಳಲು ಬರುವುದಿಲ್ಲ.

ಲಕ್ಷಣ: ಲೂಯಿಸ್ ಪೀಕ್ ಅನುಮಾನ ಹುಟ್ಟಿಸುವಷ್ಟು ದೊಡ್ಡದು, ಅಥವಾ ಜಾಗ ತಪ್ಪಿದೆ

ಪೀಕ್‌ನ ತುದಿಗೆ ಕರ್ಸರ್ ಇಟ್ಟು ಅಂಕಿ ಓದಿ. 1455, ಜೊತೆಗೆ 1620ರ ಹತ್ತಿರ ಇನ್ನೊಂದು ಇದ್ದರೆ ನಿಜವಾದ ಲೂಯಿಸ್. 1445, ಜೊತೆಗೆ 1596 ಇದ್ದರೆ ಸಿಲನಾಲ್‌ಗೆ ಹೈಡ್ರೋಜನ್ ಬಂಧದಲ್ಲಿ ಸುಮ್ನೆ ಜೋತುಬಿದ್ದ ಪಿರಿಡಿನ್. 150 ಡಿಗ್ರಿಯಲ್ಲಿ ಪಂಪ್ ಮಾಡಿದರೆ ಅದು ಹೋಗುತ್ತದೆ. ಪಂಪ್ ಮಾಡಿದ ಮೇಲೂ 1443ರ ಹತ್ತಿರ ಉಳಿದರೆ ಉಳಿಕೆ ಸೋಡಿಯಂ ಮೇಲೆ ಅನುಮಾನ ಬರಲಿ.

ವ್ಯತ್ಯಾಸದ ಸ್ಪೆಕ್ಟ್ರಮ್‌ನಲ್ಲಿ (ಪಿರಿಡಿನ್ ನಂತರದ್ದರಿಂದ ಮೊದಲಿನದನ್ನು ಕಳೆದಾಗ ಸಿಗುವುದು) 1430ರಿಂದ 1450ರ ನಡುವೆ ಹಳ್ಳ ಬಿದ್ದಿದ್ದರೆ, ಉಳಿದಿದ್ದ ಅಮೋನಿಯಂನ ಪ್ರೋಟಾನನ್ನು ಪಿರಿಡಿನ್ ಕಿತ್ತುಕೊಂಡಿದೆ, ಅಮೋನಿಯಾ ಹೊರಟುಹೋಗಿದೆ. ಆ ಹಳ್ಳ ಪಕ್ಕದ ಲೂಯಿಸ್ ಪೀಕನ್ನು ತಿಂದಿರುತ್ತದೆ. ಆ ಅಂಕಿ ಬಳಸಬೇಡಿ. 3745ರಲ್ಲಿ ಒಂದು ಪಕ್ಕ ಮೇಲೆ, ಇನ್ನೊಂದು ಪಕ್ಕ ಕೆಳಗೆ ತಿರುಚಿದ ಆಕಾರ ಕಂಡರೆ ಪಿರಿಡಿನ್ ಮೊದಲಿನ ಮತ್ತು ನಂತರದ ಅಳತೆಗಳು ಬೇರೆ ಬೇರೆ ಬಿಸಿಯಲ್ಲಿ ಆಗಿವೆ. ಬಿಸಿ ಏರಿದರೆ ಓಎಚ್ ಪೀಕ್ ಕೆಳಗೆ ಸರಿದು ಅಗಲವಾಗುತ್ತದೆ. ಎರಡನ್ನೂ ಒಂದೇ ಬಿಸಿಯಲ್ಲಿ ತೆಗೆಯಿರಿ.

ಲಕ್ಷಣ: 2850ರಿಂದ 2960ರಲ್ಲಿ ಪೀಕ್‌ಗಳು

ಇವು ಪಿರಿಡಿನ್‌ನವಲ್ಲ, ಅದರವು 3000ದ ಮೇಲೆ ಬರುತ್ತವೆ. ಪಂಪ್ ಎಣ್ಣೆ, ಗ್ರೀಸ್, ಅಥವಾ ಸುಟ್ಟು ಹೋಗದ ಟೆಂಪ್ಲೇಟ್ (ಜಿಯೋಲೈಟ್ ತಯಾರಿಸುವಾಗ ಹಾಕಿದ ಸಾವಯವ ವಸ್ತು) ಇರಬೇಕು. ಕಾಯಿಸುವ ಮೊದಲೇ ಇದ್ದರೆ ಟೆಂಪ್ಲೇಟ್, ಮಾದರಿಯನ್ನು ಗಾಳಿಯಲ್ಲಿ ಮತ್ತೆ ಸುಡಬೇಕು. ಬಿಲ್ಲೆ ತಣ್ಣಗಾಗುತ್ತಾ ಬೆಳೆದರೆ ಎಣ್ಣೆ, ಟ್ರ್ಯಾಪ್ ನೋಡಿ.

ಲಕ್ಷಣ: ಪೀಕ್ ಚೆನ್ನಾಗಿದೆ, ಲೆಕ್ಕ ಮಾತ್ರ ಕೂಡುವುದಿಲ್ಲ

ಒಂದು ಲೆಕ್ಕ ಹಾಕಿ ನೋಡೋಣ. ಸಿಲಿಕಾನ್-ಅಲ್ಯೂಮಿನಿಯಂ ಅನುಪಾತ 15 ಇರುವ ಝಡ್‌ಎಸ್‌ಎಂ-5ರಲ್ಲಿ ಚೌಕಟ್ಟಿನ ಒಂದು ಘಟಕದ 96 ಜಾಗಕ್ಕೆ 6 ಅಲ್ಯೂಮಿನಿಯಂ. ಗ್ರಾಂಗೆ ಸುಮಾರು 1.04 ಮಿಲಿಮೋಲ್ ಆಯಿತು. 16 ಮಿ.ಮೀ. ಬಿಲ್ಲೆ, 20 ಮಿ.ಗ್ರಾಂ ತೂಕ. ಪೀಕ್‌ನ ವಿಸ್ತೀರ್ಣವನ್ನು ಸೈಟ್‌ಗಳ ಲೆಕ್ಕಕ್ಕೆ ತಿರುಗಿಸಲು ಸಂಶೋಧಕ ಎಮೈಸ್ 1993ರಲ್ಲಿ ಕೊಟ್ಟ ಗುಣಾಂಕ ಬ್ರಾನ್‌ಸ್ಟೆಡ್‌ಗೆ ಮೈಕ್ರೋಮೋಲ್‌ಗೆ 1.67 ಸೆಂ.ಮೀ., ಲೂಯಿಸ್‌ಗೆ 2.22. ಎಲ್ಲ ಅಲ್ಯೂಮಿನಿಯಂಗೂ ಒಂದೊಂದು ಪ್ರೋಟಾನ್ ಇದ್ದು, ಎಲ್ಲಕ್ಕೂ ಪಿರಿಡಿನ್ ಮುಟ್ಟಿದರೆ 1545ರ ವಿಸ್ತೀರ್ಣ ಸುಮಾರು 17 ಬರಬೇಕು. ಅದಕ್ಕಿಂತ ಕಡಿಮೆ ಬಂದರೆ ಕಾರಣ ಮೇಲಿನ ವಿಭಾಗಗಳಲ್ಲಿ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಬಂದರೆ ಎಲ್ಲೋ ಲೆಕ್ಕ ತಪ್ಪಿದೆ, ಇರುವ ಅಲ್ಯೂಮಿನಿಯಂಗಿಂತ ಹೆಚ್ಚು ಬ್ರಾನ್‌ಸ್ಟೆಡ್ ಸೈಟ್ ಇರಲು ಸಾಧ್ಯವಿಲ್ಲ ಅಲ್ವಾ?

ತಪ್ಪು ಹೆಚ್ಚಾಗಿ ತೂಕದಲ್ಲಿರುತ್ತದೆ. ಗಾಳಿಯಲ್ಲಿ ತೂಗಿದ ಬಿಲ್ಲೆಯಲ್ಲಿ ನೀರೂ ಇದೆ. ವೈ ಜಿಯೋಲೈಟ್ ಆದರೆ ತೂಕದ ಐದನೇ ಒಂದು ಭಾಗಕ್ಕೂ ಜಾಸ್ತಿ ನೀರು ಇರಬಹುದು. ಒದ್ದೆ ತೂಕದಿಂದ ಭಾಗಿಸಿದರೆ ಉತ್ತರ ಅಷ್ಟು ಕಡಿಮೆಯಾಗುತ್ತದೆ. ಬಿಲ್ಲೆಯ ದಪ್ಪ ಸಮ ಇಲ್ಲದಿದ್ದರೂ ಎಡವಟ್ಟು, ಬೆಳಕು ನೋಡುವುದು ನಡುಭಾಗವನ್ನು ಮಾತ್ರ. ಇದಕ್ಕೆ 1880 ಮತ್ತು 2000ದ ಗುಡ್ಡಗಳು ನೆರವಾಗುತ್ತವೆ. ಬೆಳಕು ಹಾಯ್ದ ಜಾಗದಲ್ಲಿ ಎಷ್ಟು ಜಿಯೋಲೈಟ್ ಇದೆಯೋ ಅಷ್ಟಕ್ಕೆ ತಕ್ಕಂತೆ ಅವು ಬೆಳೆಯುತ್ತವೆ. ಎರಡು ಬಿಲ್ಲೆಗಳನ್ನು ಹೋಲಿಸುವಾಗ ಮೊದಲು ಈ ಗುಡ್ಡಗಳನ್ನು ಸಮ ಮಾಡಿಕೊಳ್ಳಿ.

ಗುಣಾಂಕಗಳು ಬೇರೆ ಬೇರೆ ಪ್ರಬಂಧಗಳಲ್ಲಿ ಬೇರೆ ಬೇರೆ ಇವೆ. ಯಾವುದನ್ನು ಬಳಸಿದಿರಿ ಅಂತ ಅಂಕಿಯ ಪಕ್ಕದಲ್ಲೇ ಬರೆಯಿರಿ. ಒಬ್ಬರ ಅಂಕಿಯನ್ನು ಇನ್ನೊಬ್ಬರದರ ಜೊತೆ ಹೋಲಿಸುವ ಮೊದಲು ಇದನ್ನು ನೋಡಲೇಬೇಕು.

ಎಲ್ಲಿ ನಿಲ್ಲಿಸಿ ಸಹಾಯ ಕೇಳಬೇಕು

ಖಾಲಿ ಸೆಲ್‌ನ ಸಿಗ್ನಲ್ ದಿನದಿಂದ ದಿನಕ್ಕೆ ಬೀಳುತ್ತಿದ್ದರೆ, ಲೇಸರ್ ಅಥವಾ ಇಂಟರ್‌ಫೆರೋಮೀಟರ್ ಜೋಡಣೆ ತಪ್ಪಿದ್ದರೆ, ಎಂಸಿಟಿ ಒಳಗೆ ಮಂಜು ಕೂತಿದ್ದರೆ ಕವಚ ಬಿಚ್ಚಬೇಡಿ. ಒಳಗೆ ಲೇಸರ್ ಇದೆ, ಬೆರಳಚ್ಚು ತಾಗಿದರೆ ಹಾಳಾಗುವ ಕನ್ನಡಿಗಳಿವೆ. ಓ-ರಿಂಗ್ ಒರೆಸಿ, ಗ್ರೀಸ್ ಹೊಸದು ಹಾಕಿದ ಮೇಲೂ ಸೋರಿಕೆ ನಿಲ್ಲದಿದ್ದರೆ ಹೀಲಿಯಂ ಲೀಕ್ ಡಿಟೆಕ್ಟರ್ ಇರುವವರ ಹತ್ತಿರ ಹೋಗಿ. ಕಿಟಕಿಯಲ್ಲಿ ಕೂದಲೆಳೆಯ ಬಿರುಕು ಕಂಡರೆ ಆ ಸೆಲ್‌ಗೆ ಮತ್ತೆ ವ್ಯಾಕ್ಯೂಮ್ ಹಾಕಬೇಡಿ.

ಸಹಾಯ ಕೇಳಲು ಹೋಗುವಾಗ ಬರೀ 1545ರ ಚಿತ್ರ ಒಯ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಾಲ್ಕು ಫೈಲ್ ಒಯ್ಯಿರಿ: ಖಾಲಿ ಸೆಲ್‌ನ ಸಿಂಗಲ್-ಬೀಮ್, ಒಣಗಿಸಿದ ಬಿಲ್ಲೆಯ ಸಿಂಗಲ್-ಬೀಮ್, ಅದೇ ಬಿಲ್ಲೆಯ ಪೂರ್ತಿ ಅಬ್ಸಾರ್ಬನ್ಸ್, ಪಿರಿಡಿನ್ ನಂತರದ ಅಬ್ಸಾರ್ಬನ್ಸ್. ಬೇಸ್‌ಲೈನ್ ತಿದ್ದಬೇಡಿ, ಸ್ಮೂತ್ ಮಾಡಬೇಡಿ. ಬಿಲ್ಲೆಯ ತೂಕ, ಅಡ್ಡಗಲ, ಕಾಯಿಸಿದ ವೇಗ, ಅಳೆದಾಗಿನ ಬಿಸಿ, ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.